ಹೋಗುವಾಗ ಐದು ಜನ, ಬರುವಾಗ ಇಬ್ಬರು

ನಮ್ಮ ಅಜ್ಜಿ ಒಂದು ಲೆಕ್ಕ ಕೇಳುತ್ತಿದ್ದರು. "ಪಾದ್ರಿ ದೊರೆ, ದೊರೆಸಾನಿ, ಮೂರು ಮಕ್ಕಳು. ಊರಿಗೆ ಹೋಗುವಾಗ ಐದು ಜನ. ಎರಡು ವರ್ಷ ಬಿಟ್ಟು ಬರುವಾಗ ಇಬ್ಬರು. ಉಳಿದ ಮೂವರು ಎಲ್ಲಿ ಹೇಳು?"

ಸಣ್ಣವಳಿದ್ದಾಗ ನನಗೆ ಇದು ಒಗಟು. ಸತ್ತುಹೋದರು ಅಂತ ಒಮ್ಮೆ ಹೇಳಿದೆ. ಹಡಗಿನಿಂದ ಸಮುದ್ರಕ್ಕೆ ಬಿದ್ದರು ಅಂತ ಇನ್ನೊಮ್ಮೆ. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಅಲ್ಲ ಮಗಾ, ಶಾಲೆಗೆ ಬಿಟ್ಟು ಬಂದರು. ದೊಡ್ಡ ದೊಡ್ಡ ದೊರೆಗಳೇ ಹೀಗೆ ಮಾಡ್ತಾರೆ. ಮತ್ತೆ ನಿನ್ನ ಅಪ್ಪ-ಅಮ್ಮ ಮಾಡಿದ್ದರಲ್ಲಿ ಏನು ತಪ್ಪು?" ಅನ್ನುತ್ತಿದ್ದರು.

ಅದು ಒಗಟಲ್ಲ, ಸಮಾಧಾನ ಅಂತ ಗೊತ್ತಾಗುವಷ್ಟರಲ್ಲಿ ನಾನು ಸುಮಾರು ದೊಡ್ಡವಳಾಗಿದ್ದೆ.

*

ಅಜ್ಜಿಯ ಅಮ್ಮ, ಅಂದರೆ ನಮ್ಮ ತುಳುವಿನಲ್ಲಿ ಪಿಜ್ಜಿ, ಹರೆಯದಲ್ಲಿ ಮಂಗಳೂರಿನ ಒಂದು ಪಾದ್ರಿ ಬಂಗ್ಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದರಂತೆ. 1914ರ ಯುದ್ಧಕ್ಕೆ ಮುಂಚಿನ ಮಾತು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮೂರಲ್ಲಿ ಅವರನ್ನು ನೆನೆಸಿಕೊಳ್ಳುವುದು ಹಂಚಿನಿಂದ, ಪ್ರೆಸ್ಸಿನಿಂದ, ಶಾಲೆಯಿಂದ. ಕನ್ನಡದವರಿಗೆ ಅವರೆಂದರೆ 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್. ಆದರೆ ಪಿಜ್ಜಿಗೆ ಗೊತ್ತಿದ್ದದ್ದು ನಿಘಂಟು ಅಲ್ಲ, ಮಕ್ಕಳು. ಮೂರು ಮಕ್ಕಳು, ಕೊನೆಯದು ಗಂಡು. ಆ ಹುಡುಗ ಪಿಜ್ಜಿಯ ಸೊಂಟದ ಮೇಲೇ ಬೆಳೆದದ್ದಂತೆ. ಅಪ್ಪ-ಅಮ್ಮನ ಜೊತೆ ಜರ್ಮನ್, ಅಡುಗೆಮನೆಯಲ್ಲಿ ತುಳು.

ಅವರೆಲ್ಲ 'ಊರಿಗೆ' ಹೊರಟ ದಿನ ಪಿಜ್ಜಿ ಬಂದರಿನ ತನಕ ಹೋಗಿದ್ದರಂತೆ. ಆಗ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ದೋಣಿ ಹತ್ತಿ, ದೂರದಲ್ಲಿ ನಿಂತ ಸ್ಟೀಮರಿಗೆ ಹೋಗಬೇಕು. ದೋಣಿಯಲ್ಲಿ ಕೂರಿಸಿದಾಗ ಹುಡುಗ ತುಳುವಿನಲ್ಲಿ ಕೂಗಿದನಂತೆ, "ಯಾನ್ ಪೋಪುಜಿ". ನಾನು ಹೋಗುವುದಿಲ್ಲ ಅಂತ. ದೊರೆಸಾನಿಗೆ ಆ ಮಾತು ಅರ್ಥವಾಯಿತೋ ಇಲ್ಲವೋ ಅಂತ ಪಿಜ್ಜಿ ಸಾಯುವ ತನಕ ಹೇಳುತ್ತಿದ್ದರಂತೆ.

ಎರಡು ವರ್ಷದ ನಂತರ ಇಬ್ಬರೇ ಬಂದರು. ದೊರೆಸಾನಿ ಮಕ್ಕಳ ಹಳೇ ಬಟ್ಟೆಗಳ ಪೆಟ್ಟಿಗೆ ತೆಗೆದು ಪಿಜ್ಜಿಗೆ ಕೊಟ್ಟರು. ಅದರಲ್ಲಿದ್ದ ಒಂದು ಅಂಗಿಯನ್ನು ನಮ್ಮ ಅಜ್ಜಿ ಮಗುವಾಗಿದ್ದಾಗ ತೊಟ್ಟಿದ್ದರಂತೆ. ಇಷ್ಟೇ ಕಥೆ. ಆ ಕುಟುಂಬದ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

*

ನಾನು ಹುಟ್ಟಿದ್ದು ಮಸ್ಕತ್ತಿನಲ್ಲಿ, 1980ರಲ್ಲಿ. ಅಪ್ಪ ಒಂದು ಕಂಪೆನಿಯ ಸ್ಟೋರಿನಲ್ಲಿ, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ನನಗೆ ಐದು ತುಂಬಿದ ವರ್ಷ ಮೂವರೂ 'ಊರಿಗೆ' ಬಂದೆವು. ಆ ಶಬ್ದವನ್ನು ಅಪ್ಪ-ಅಮ್ಮ ಹೇಳುವಾಗ ಅವರ ಮುಖ ಹೇಗಾಗುತ್ತಿತ್ತು ಅಂದರೆ, ಅದೇನೋ ಮಿಠಾಯಿ ಅಂಗಡಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಬಂದು ನೋಡಿದರೆ ಮಳೆ! ಅಷ್ಟು ನೀರು ಆಕಾಶದಿಂದ ಬೀಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಪ್ಪೆಯನ್ನೂ ನೋಡಿರಲಿಲ್ಲ.

ಗಲ್ಫಿನಿಂದ ಬಂದವರ ರಜೆ ಹೇಗಿರುತ್ತದೆ ಅಂತ ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ. ಹಗ್ಗ ಕಟ್ಟಿದ ಪೆಟ್ಟಿಗೆ ಬಿಚ್ಚಿದರೆ ಟ್ಯಾಂಗ್, ನಿಡೋ ಹಾಲಿನ ಪುಡಿ, ಸೆಂಟು, ಟೈಗರ್ ಬಾಮ್. ಯಾರಿಗೆ ಏನು ಅಂತ ಅಮ್ಮನ ಚೀಟಿಯಲ್ಲಿ ಬರೆದಿರುತ್ತದೆ. ಆಮೇಲೆ ದಿನಕ್ಕೆ ಎರಡು ಮನೆ ಊಟ. ಎಲ್ಲ ಕಡೆ ಅದೇ ಪ್ರಶ್ನೆ, ಅದೇ ಉತ್ತರ. ಹೊರಡುವಾಗ ಯಾರಾದರೂ ಅಪ್ಪನನ್ನು ಬದಿಗೆ ಕರೆದು ವೀಸಾ ವಿಷಯವೋ ಸಾಲದ ವಿಷಯವೋ ಮಾತಾಡುವುದು. ಒಂದೂವರೆ ತಿಂಗಳ ರಜೆಯಲ್ಲಿ ಅಪ್ಪ ಮನೆಯಲ್ಲಿ ಕೂತದ್ದು ನನಗೆ ನೆನಪಿಲ್ಲ.

ಮಿಶನ್ನಿನವರ ರಜೆಯೂ ಹೀಗೇ ಇತ್ತು ಅಂತ ಓದಿದಾಗ ನಗು ಬಂತು. ವರ್ಷಗಟ್ಟಲೆ ಸೆಖೆಯಲ್ಲಿ, ಜ್ವರದಲ್ಲಿ ದುಡಿದು ಸುಸ್ತಾದವರನ್ನು ವಿಶ್ರಾಂತಿಗೆ ಅಂತ ಕಳಿಸುವುದು. ಅಲ್ಲಿ ಹೋದರೆ ಊರೂರಿನ ಚರ್ಚಿನವರು ಕಾಯುತ್ತಿರುತ್ತಾರೆ. ಯಾಕೆಂದರೆ ಮಿಶನ್ ನಡೆಯುತ್ತಿದ್ದದ್ದೇ ಅವರ ದುಡ್ಡಿನಲ್ಲಿ. 1850ರ ದಶಕದಿಂದ ಬಡವರೂ ಕೊಡಲಿ ಅಂತ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ತೀರಾ ಚಿಲ್ಲರೆ ನಾಣ್ಯ, ಒಟ್ಟು ಮಾಡುವ ಪದ್ಧತಿ ಇತ್ತು. ಕೊಟ್ಟವರಿಗೆ ನಮ್ಮ ದುಡ್ಡು ಏನಾಯಿತು ಅಂತ ಕೇಳುವ ಆಸೆ ಇರುವುದಿಲ್ಲವೇ? ಆದ್ದರಿಂದ ಸಭೆ, ಮೆರವಣಿಗೆ, ಭಾಷಣ. ಭಾರತ ಹೇಗಿದೆ, ಹಾವು ಎಷ್ಟು ಉದ್ದ... ಸೆಂಟಿನ ಬಾಟಲಿ ಹಂಚುವ ಬದಲು ಕಥೆ ಹಂಚುವುದು, ಅಷ್ಟೇ ವ್ಯತ್ಯಾಸ :)

ನಗು ನಿಂತದ್ದು ಮುಂದಿನದನ್ನು ಓದಿದಾಗ. ಮಕ್ಕಳನ್ನು ಬಿಟ್ಟು ಬರುವುದು ಆಯಾ ಅಪ್ಪ-ಅಮ್ಮನ ಇಷ್ಟಕ್ಕೆ ಬಿಟ್ಟ ವಿಷಯ ಆಗಿರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಯುರೋಪಿಗೆ ಕಳಿಸಬೇಕು ಅಂತ ಮಿಶನ್ನಿನ ನಿಯಮವೇ 1850ರ ದಶಕದಲ್ಲಿ ಬಂತು. ಅವರಿಗಾಗಿ ಬಾಸೆಲ್‌ನಲ್ಲಿ ಮಕ್ಕಳ ಮನೆ ಅಂತಲೇ ಕಟ್ಟಿದರು. ಕಾರಣಗಳು ಸುಳ್ಳೇನಲ್ಲ. ಇಲ್ಲಿನ ಕಾಯಿಲೆಗಳಿಗೆ ಎಷ್ಟೋ ಮಕ್ಕಳು ಸಾಯುತ್ತಿದ್ದವು. ಅವರಿಗೆ ಬೇಕಾದ ಶಾಲೆ ಇಲ್ಲಿ ಇರಲಿಲ್ಲ. ಇಲ್ಲಿನ ಮಕ್ಕಳ ಹಾಗೆ ಆಗಿಬಿಟ್ಟಾವು ಅನ್ನುವ ಹೆದರಿಕೆಯೂ ಇತ್ತು. ತಮ್ಮ ಮಕ್ಕಳನ್ನು ಅಲ್ಲಿ ಬಿಟ್ಟು ಬಂದವರು ಇಲ್ಲಿ ಬೇರೆಯವರ ಮಕ್ಕಳಿಗೆ ಶಾಲೆ ತೆರೆದು ಪಾಠ ಹೇಳಿದರು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಅಕ್ಷರ ಕಲಿತದ್ದು ಅವರಿಂದ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏನು ಹೇಳಬೇಕು ಅಂತ ತಿಳಿಯುವುದಿಲ್ಲ.

*

ಮಲಯಾಳಂ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟ್ ಹೆಸರು ಕೇಳಿರುತ್ತೀರಿ. ಅವರೂ ಬಾಸೆಲ್ ಮಿಶನ್ನಿನವರೇ. ಅವರ ಮಗಳು ಮರೀ 1842ರಲ್ಲಿ ಹುಟ್ಟಿದ್ದು ನಮ್ಮಿಂದ ಬಹಳ ದೂರವೇನೂ ಇಲ್ಲದ ತಲಚೇರಿಯಲ್ಲಿ. ಅವಳು ಪುಟ್ಟ ಮಗುವಾಗಿದ್ದಾಗ ಮನೆಯವರೆಲ್ಲ ರಜೆಗೆ ಯುರೋಪಿಗೆ ಹೋದರು. ಅಪ್ಪ-ಅಮ್ಮ ಮಲಬಾರಿಗೆ ಮರಳುವಾಗ ಅವಳು ಅಲ್ಲೇ ಉಳಿದಳು. ಆಗ ನಾಲ್ಕರ ಹತ್ತಿರದ ವಯಸ್ಸು. ಮತ್ತೆ ಅಪ್ಪ-ಅಮ್ಮನನ್ನು ನೋಡಲು ಅವಳು ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದು ವರ್ಷದ ಹುಡುಗಿಯಾಗಿ. ನಡುವೆ ಸುಮಾರು ಹತ್ತು ವರ್ಷ. ಬರೀ ಕಾಗದ.

ನಾಲ್ಕು ವರ್ಷದ ಮಗುವಿಗೆ ಅಮ್ಮನ ಮುಖ ಎಷ್ಟು ದಿನ ನೆನಪಿರುತ್ತದೆ? ನನಗೆ ಐದಾಗಿತ್ತು. ವರ್ಷಕ್ಕೊಮ್ಮೆ ಅಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆ ಅಮ್ಮ ಬರುತ್ತಿದ್ದರು. ಗೋಡೆಯಲ್ಲಿ ಫೋಟೊ ಇತ್ತು. ಆದರೂ ಮೊದಲ ಸಲ ರಜೆಗೆ ಬಂದಾಗ ನಾನು ಅಜ್ಜಿಯ ಹಿಂದೆ ಅಡಗಿ ನಿಂತು, "ಇವರು ಎಷ್ಟು ದಿನ ಇರ್ತಾರೆ?" ಅಂತ ಕೇಳಿದೆನಂತೆ. ಅಮ್ಮನ ಎದುರೇ.

ಮರೀ ಮುಂದೆ ಮಿಶನರಿಯೊಬ್ಬರನ್ನೇ ಮದುವೆಯಾಗಿ ಮತ್ತೆ ಭಾರತಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೆ 1874ರಲ್ಲಿ ಯೊಹಾನೆಸ್ ಹೆಸ್ಸೆ ಎಂಬವರನ್ನು ಮದುವೆಯಾದಳು. ಅವರೂ ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು ಹಿಂದೆ ಹೋದ ಮಿಶನರಿ. ಅವರ ಮಗನೇ 'ಸಿದ್ಧಾರ್ಥ' ಬರೆದ ಹೆರ್ಮನ್ ಹೆಸ್ಸೆ. ಅಜ್ಜ ಗುಂಡರ್ಟ್ ಜೊತೆಗೆ ತಂದಿದ್ದ ಭಾರತದ ಸಾಮಾನು, ಪುಸ್ತಕಗಳ ನಡುವೆ ಬೆಳೆದವನು. 1911ರಲ್ಲಿ ಪೂರ್ವದ ಕಡೆ ಹಡಗು ಹತ್ತಿದ. ಸಿಲೋನ್, ಸುಮಾತ್ರ ಎಲ್ಲ ನೋಡಿದ. ಆದರೆ ಅಮ್ಮ ಹುಟ್ಟಿದ ಮಲಬಾರಿಗೆ ಬರಲಿಲ್ಲ.

ಇದೆಲ್ಲ ಸಾಹಿತ್ಯದವರಿಗೆ ಗೊತ್ತಿರುವ ವಿಷಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಣ್ಣ ಸಂಗತಿ. 1880ರ ದಶಕದಲ್ಲಿ ಹೆಸ್ಸೆ ಕುಟುಂಬ ಬಾಸೆಲ್‌ನಲ್ಲಿದ್ದಾಗ, ತುಂಬಾ ಹಠ ಮಾಡುತ್ತಿದ್ದ ಪುಟ್ಟ ಹೆರ್ಮನ್‌ನನ್ನು ಕೆಲವು ತಿಂಗಳು ಮಿಶನ್ನಿನ ಹುಡುಗರ ಮನೆಯಲ್ಲಿ ಬಿಟ್ಟಿದ್ದರು. ದೂರದ ದೇಶಗಳಲ್ಲಿ ಅಪ್ಪ-ಅಮ್ಮ ಇರುವ ಮಕ್ಕಳಿಗಾಗಿ ಕಟ್ಟಿದ ಅದೇ ಮನೆ. ಇವನ ಅಪ್ಪ-ಅಮ್ಮ ಮಾತ್ರ ಅದೇ ಊರಿನಲ್ಲಿ ಇದ್ದರು. ಭಾನುವಾರ ಮನೆಗೆ ಬರುತ್ತಿದ್ದ.

ಬಿಟ್ಟು ಹೋದರೆ ಹೇಗಿರುತ್ತದೆ ಅಂತ ಮರೀಗೆ ಗೊತ್ತಿರಲಿಲ್ಲವೇ? ಅವಳಷ್ಟು ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಬಹುಶಃ ಗೊತ್ತಿದ್ದದ್ದರಿಂದಲೇ ಬಿಟ್ಟಳೇನೋ. ನಾನು ಬದುಕಿ ಉಳಿದೆನಲ್ಲ, ಇವನೂ ಉಳಿಯುತ್ತಾನೆ ಅಂತ. ಹೀಗೆ ಯೋಚಿಸುವವರು ನಮ್ಮಲ್ಲೂ ಇದ್ದಾರೆ. ನಾನೂ ಯೋಚಿಸಿದ್ದೇನೆ.

*

ನನ್ನ ವಿಷಯ ಹೇಳಿ ಮುಗಿಸುತ್ತೇನೆ.

1985ರ ಆ ರಜೆಯ ಕೊನೆಯ ದಿನ ಅಪ್ಪ-ಅಮ್ಮ ಬೊಂಬಾಯಿ ಬಸ್ಸು ಹಿಡಿಯಬೇಕಿತ್ತು. ಅಲ್ಲಿಂದ ವಿಮಾನ. ಮಧ್ಯಾಹ್ನ ಊಟ ಮಾಡಿಸಿ ಅಮ್ಮ ನನ್ನನ್ನು ಮಲಗಿಸಿದರು. ಎದ್ದಾಗ ಮನೆಯಲ್ಲಿ ಅಜ್ಜಿ ಒಬ್ಬರೇ. ಮೂಲೆಯಲ್ಲಿ ನನ್ನ ಪೆಟ್ಟಿಗೆ ಇತ್ತು, ಅವರದ್ದು ಇರಲಿಲ್ಲ. ಮಗು ಮಲಗಿದ್ದಾಗಲೇ ಹೊರಟುಬಿಡಿ, ಎದ್ದರೆ ಬಿಡುವುದಿಲ್ಲ ಅಂತ ಸಲಹೆ ಕೊಟ್ಟದ್ದು ಅಜ್ಜಿಯೇ. ಇವತ್ತಿಗೂ ನನಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಜ್ವರ ಬಂದರೂ ಬರುವುದಿಲ್ಲ.

ಪಾದ್ರಿ ಬಂಗ್ಲೆಯ ಲೆಕ್ಕ ಶುರುವಾದದ್ದು ಆ ಸಂಜೆ. ಒಗಟು ಬಿಡಿಸುವ ಗಡಿಬಿಡಿಯಲ್ಲಿ ನಾನು ಅಳು ನಿಲ್ಲಿಸಿದೆನಂತೆ.

ಅಪ್ಪ-ಅಮ್ಮ ಮಸ್ಕತ್ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದದ್ದು 2004ರಲ್ಲಿ. ಆಗ ನನಗೆ ಕೆಲಸ ಸಿಕ್ಕಿ ನಾನು ಬೆಂಗಳೂರಿಗೆ ಹೋಗಿಯಾಗಿತ್ತು. ಪಿಜ್ಜಿಯ ದೊರೆ-ದೊರೆಸಾನಿಯೂ ಕೊನೆಗೆ ಮಕ್ಕಳ ಬಳಿ ಸೇರಿಕೊಂಡಿರಬೇಕು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಇಟ್ಟು, ಆಮೇಲೆ ಅವರ ದೇಶಕ್ಕೆ ಕಳಿಸಿದರು. ಅವರನ್ನು ಮನೆ ಸೇರಿಸಲು ಒಂದು ಮಹಾಯುದ್ಧವೇ ಬೇಕಾಯಿತು. ಅಷ್ಟು ಹೊತ್ತಿಗೆ ತುಳು ಮಾತಾಡುತ್ತಿದ್ದ ಆ ಹುಡುಗನಿಗೆ ಒಂದಾದರೂ ತುಳು ಶಬ್ದ ನೆನಪಿತ್ತೋ ಏನೋ.

ಅಮ್ಮನ ಹತ್ತಿರ ನಾನು ಆ ಮಧ್ಯಾಹ್ನದ ವಿಷಯ ಯಾವತ್ತೂ ಎತ್ತಿಲ್ಲ. ಅವರೂ ಎತ್ತಿಲ್ಲ. ಮೀನು ಸಾರಿನ ಬಗ್ಗೆ, ಪಕ್ಕದ ಮನೆಯ ಬಾವಿಯ ಬಗ್ಗೆ, ಅಪ್ಪನ ಶುಗರ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಇದೊಂದು ಮಾತ್ರ ಬರುವುದಿಲ್ಲ.

ನನ್ನ ಮಗಳಿಗೆ ಆರು ವರ್ಷವಾಗಿದ್ದಾಗ ಬೇಸಿಗೆ ರಜೆಗೆ ಅಂತ ಅವಳನ್ನು ಅಮ್ಮನ ಹತ್ತಿರ ಬಿಡಲು ಹೋಗಿದ್ದೆ. ಬರೀ ಎರಡು ವಾರಕ್ಕೆ. ನನಗೆ ರಾತ್ರಿ ಬಸ್ಸಿತ್ತು. ಮಗಳು ಇಡೀ ದಿನ ಕುಣಿದು ಎಂಟು ಗಂಟೆಗೇ ಮಲಗಿಬಿಟ್ಟಿದ್ದಳು. ಒಳ್ಳೆಯದೇ ಆಯಿತು, ರಗಳೆ ಇಲ್ಲ ಅಂದುಕೊಂಡು ಸದ್ದಿಲ್ಲದೆ ಬ್ಯಾಗು ಹೆಗಲಿಗೇರಿಸಿದೆ. ಅಂಗಳದಲ್ಲಿ ರಿಕ್ಷಾ ನಿಂತಿತ್ತು.

ಅಮ್ಮ ಬಾಗಿಲಿಗೆ ಅಡ್ಡ ಬಂದರು.

"ಎಬ್ಬಿಸು ಅವಳನ್ನು" ಅಂದರು.

"ಬೇಡಮ್ಮ, ಅಳ್ತಾಳೆ."

"ಅಳ್ಲಿ. ಹೇಳಿ ಹೋಗು."

ನಾನು ನಿಂತೇ ಇದ್ದೆ. ಅಮ್ಮ ಒಳಗೆ ಹೋಗಿ, ಸೊಂಟ ನೋವನ್ನೂ ಲೆಕ್ಕಿಸದೆ ಮಗುವನ್ನು ಎತ್ತಿಕೊಂಡು ಬಂದರು. ಅದು ಕಣ್ಣುಜ್ಜಿಕೊಂಡು ಪಿಳಿಪಿಳಿ ನೋಡುತ್ತಿತ್ತು. "ನೋಡು ಪುಟ್ಟ, ನಿನ್ನ ಅಮ್ಮ ಹೋಗ್ತಾಳೆ. ಹದಿನಾಲ್ಕು ದಿನ ಬಿಟ್ಟು ಬರ್ತಾಳೆ. ಟಾಟಾ ಮಾಡು" ಅಂತ ಅದರ ಕೈ ಹಿಡಿದು ಆಡಿಸಿದರು.

ಅತ್ತಳು, ಜೋರಾಗಿಯೇ ಅತ್ತಳು. ರಿಕ್ಷಾದವನು ಎರಡು ಸಲ ಹಾರ್ನ್ ಹೊಡೆದ. ಅಮ್ಮ ಅವನಿಗೆ, "ಸ್ವಲ್ಪ ನಿಲ್ಲಪ್ಪ, ಮಗು ಅಳ್ತಾ ಉಂಟು ಅಲ್ವಾ" ಅಂದರು. ಅದು ಅತ್ತು ಮುಗಿಸುವ ತನಕ ನನ್ನನ್ನು ಬಿಡಲಿಲ್ಲ.