ಹಳೆಯ ಕಾರಿಗೆ ಹೊಸ ಕಾಲು

ಒಂದು ಕಾಲದಲ್ಲಿ ನಮ್ಮ ಬ್ರಹ್ಮಾವರದ ಕಡೆ ಹೆರಿಗೆ ನೋವು ಬಂದರೂ ಅಂಬಾಸಿಡರ್, ಮದುಮಗ ಹೊರಟರೂ ಅಂಬಾಸಿಡರ್. ಗಲ್ಫಿಗೆ ಹೊರಟವರನ್ನು ಮುಂಬೈ ಬಸ್ಸಿಗೆ ಹತ್ತಿಸಿ ಕಣ್ಣೊರೆಸಿಕೊಂಡು ಹಿಂದಿರುಗುತ್ತಿದ್ದುದೂ ಅದರಲ್ಲೇ. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿತು. ತಂದೆಯವರು ಬಿಟ್ಟುಹೋದ ಒಂದು ಅಂಬಾಸಿಡರ್ ನಮ್ಮ ಅಂಗಳದಲ್ಲಿ ಉಳಿದಿದೆ. ಮದುಮಗಳನ್ನು ಅದರಲ್ಲೇ ಕಳುಹಿಸುವುದೆಂದು ಮನೆಯಲ್ಲಿ ತೀರ್ಮಾನವಾದಾಗ ಮೊದಲು ಎದ್ದದ್ದು ಚಕ್ರದ ಪ್ರಶ್ನೆ.

ಹಿರಿಯರೆಂದರು: "ಟಯರಿನ ಗೆರೆ ಸವೆದೇ ಇಲ್ಲ, ಬದಲಾಯಿಸುವುದೇಕೆ?" ಕಿರಿಯರಿಗೆ ಹೊಳೆಯುವ, ಅಗಲವಾದ ಅಲಾಯ್ ಚಕ್ರವೇ ಬೇಕು.

ಹಿರಿಯರ ಮಾತಿಗೆ ಟಯರೇ ಉತ್ತರ ಕೊಟ್ಟಿತು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 3611 ಎಂದಿದ್ದರೆ ಅದು 2011ರ 36ನೇ ವಾರ ತಯಾರಾದದ್ದು. ಓಡದೆ ನಿಂತರೂ ಗಾಳಿ, ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಮ್ಮ ಉಪ್ಪುಗಾಳಿಗೆ ಉಕ್ಕಿನ ರಿಮ್ಮೂ ತುಕ್ಕು ಹಿಡಿಯುತ್ತದೆ. ಗೆರೆ ಉಳಿದಿದೆ ಎಂದ ಮಾತ್ರಕ್ಕೆ ಆಯುಷ್ಯ ಉಳಿದಿದೆ ಎಂದಲ್ಲ.

ಇನ್ನು ಕಿರಿಯರ ಆಸೆ. ಅಂಬಾಸಿಡರಿನ ಹಳೆಯ ಅಳತೆ 5.90-15, ಅಂದರೆ ಟಯರಿನ ಅಗಲ 5.90 ಇಂಚು, ರಿಮ್ಮಿನ ವ್ಯಾಸ 15 ಇಂಚು. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಅಗಲದ ಟಯರು ಹಾಕಿದರೆ ತಿರುಗಿಸುವ ಕೈ ಸೋಲುತ್ತದೆ. ಚಕ್ರ ಹೊರಗೆ ಚಾಚಿದಷ್ಟೂ ಬೇರಿಂಗಿಗೆ ಭಾರ. ಮಳೆಗಾಲದಲ್ಲಿ ಹೆದ್ದಾರಿ 66ರ ನಿಂತ ನೀರಿನ ಮೇಲೆ ಅಗಲದ ಟಯರು ಬೇಗ ತೇಲುತ್ತದೆ. ಟಯರಿನ ಒಟ್ಟು ಎತ್ತರ ಬದಲಾದರೆ ವೇಗ ತೋರಿಸುವ ಮುಳ್ಳೂ ತಪ್ಪು ಹೇಳುತ್ತದೆ.

ಕೊನೆಗೆ ಹಳೆಯ ಉಕ್ಕಿನ ರಿಮ್ಮುಗಳನ್ನೇ ಉಜ್ಜಿಸಿ, ಬಣ್ಣ ಹಚ್ಚಿಸಿದೆವು. ಎತ್ತರದಲ್ಲಿ ಹಳೆಯದಕ್ಕೆ ಹೊಂದುವ ರೇಡಿಯಲ್ ಟಯರುಗಳನ್ನು ತಂದೆವು. ಆ ರಿಮ್ಮುಗಳು ಟ್ಯೂಬಿಗಾಗಿಯೇ ಮಾಡಿದವು. ಆದ್ದರಿಂದ ಟ್ಯೂಬುಗಳೂ ಹೊಸವು. ಹಳೆಯ ಮಾದರಿಯ ಟಯರನ್ನು ರೇಡಿಯಲ್ ಜೊತೆ ಬೆರೆಸಬಾರದು. ಬೆರೆತರೆ ತಿರುವಿನಲ್ಲಿ ಕಾರಿನ ಹಿಡಿತ ತಪ್ಪುವ ಅಪಾಯವಿದೆ. ಹಾಗಾಗಿ ಸ್ಟೆಪ್ನಿ ಸೇರಿ ಐದನ್ನೂ ಬದಲಿಸಿದೆವು.

ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಬಾಯಿಪಾಠ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಕಟ್ಟುವುದನ್ನು ಬಿಟ್ಟು ಭರವಸೆಯನ್ನಷ್ಟೇ ಇಟ್ಟುಕೊಳ್ಳುತ್ತೇವೆ. ತಂದೆಯ ಕಾರು ನಮ್ಮ ಕೈಯಲ್ಲಿರುವ ಅಮಾನತ್ತು; ಅದರಲ್ಲಿ ಕೂರುವ ಜೀವಗಳು ಅದಕ್ಕಿಂತ ದೊಡ್ಡ ಅಮಾನತ್ತು. ಬಾನೆಟ್ಟಿಗೆ ಹೂ ಕಟ್ಟುವ ಕೈಗಳು ಒಮ್ಮೆ ಬಗ್ಗಿ ಆ ನಾಲ್ಕು ಅಂಕಿಗಳನ್ನೂ ತಡವಿ ನೋಡಲಿ.