ಎಡಗಡೆಯಿಂದ ಮೂರನೆಯವರು

ಕೈಗೊಂದು ಫೋನು, ಫೋನಿಗೊಂದು ಕ್ಯಾಮೆರಾ ಎಂಬಂತಾಗಿರುವ ಈ ಕಾಲದಲ್ಲಿ ಛಾಯಾಚಿತ್ರ ತೆಗೆಯುವುದು ಒಂದು ಕಲೆಯೆಂಬ ಮಾತಿರಲಿ, ಅದೊಂದು ಕೆಲಸವೆಂದು ಕೂಡ ಯಾರೂ ಭಾವಿಸುವುದಿಲ್ಲ. ತಟ್ಟೆಯಲ್ಲಿ ದೋಸೆ ಬಂದರೆ ಮೊದಲು ಅದರ ಚಿತ್ರ, ಆಮೇಲೆ ಚಟ್ನಿ. ಇಂಥ ಕಾಲದಲ್ಲಿಯೂ ಲಾಲ್‌ಬಾಗಿನ ಬಂಡೆಯ ಮೇಲೆ, ಎದೆಗೆ ಕಪ್ಪು ಪೆಟ್ಟಿಗೆಯೊಂದನ್ನು ಅವುಚಿ ಹಿಡಿದು, ತಲೆ ತಗ್ಗಿಸಿ ಅದರೊಳಗೆ ಇಣುಕುತ್ತ ನಿಂತ ವ್ಯಕ್ತಿಯನ್ನು ಓದುಗರು ಎಂದಾದರೊಂದು ಭಾನುವಾರ ಬೆಳಗ್ಗೆ ಕಂಡಿರಬಹುದು. ಕಾಲು ಗಂಟೆ ಕಳೆದ ಮೇಲೆ ‘ಟಿಕ್’ ಎಂಬ ಸಣ್ಣದೊಂದು ಸದ್ದು. ಅಷ್ಟೇ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹುಡುಗ, “ಎಲ್ಲಿ ಅಂಕಲ್, ತೋರಿಸಿ” ಎಂದರೆ, “ಮುಂದಿನ ತಿಂಗಳು ತೋರಿಸುತ್ತೇನೆ, ಮರಿ” ಎಂಬ ಉತ್ತರ ಬರುತ್ತದೆ. ಹುಡುಗ ಈತನನ್ನು ಮರುಕದಿಂದ ನೋಡಿ ಮುಂದೆ ಹೋಗುತ್ತಾನೆ.

ಈ ಹುಚ್ಚು ಇಷ್ಟರಲ್ಲಿ ತಾನಾಗಿಯೇ ಇಳಿಯಬೇಕಾಗಿತ್ತು. ಕೊಡಾಕ್ ಕಂಪನಿಯು 2009ರಲ್ಲಿ ಕೊಡಾಕ್ರೋಮ್ ಎಂಬ ತನ್ನ ಪ್ರಸಿದ್ಧ ಬಣ್ಣದ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿತು. ಮರುವರ್ಷದ ಕೊನೆಗೆ ಅಮೆರಿಕದ ಕಾನ್ಸಾಸ್ ಸಂಸ್ಥಾನದ ಪಾರ್ಸನ್ಸ್ ಎಂಬ ಊರಿನಲ್ಲಿ ಅದನ್ನು ತೊಳೆದುಕೊಡುತ್ತಿದ್ದ ಕಟ್ಟಕಡೆಯ ಅಂಗಡಿಯೂ ಆ ಕೆಲಸಕ್ಕೆ ಮಂಗಳ ಹಾಡಿತು. 2012ರಲ್ಲಿ ಕೊಡಾಕ್ ಕಂಪನಿಯೇ ದಿವಾಳಿಯ ಅರ್ಜಿ ಹಾಕಿಕೊಂಡಿತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಗೊಂಡು, ‘ಇಂದು’ ಎಂಬ ಹೆಸರಿನ ಫಿಲ್ಮನ್ನು ದೇಶಕ್ಕೆಲ್ಲ ಒದಗಿಸಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿಹೋಯಿತು. ‘ಇಂದು’ ಎಂಬುದು ಹೀಗೆ ‘ಅಂದು’ ಆಯಿತು. ಆದರೂ ಹಳೆಯ ಕ್ಯಾಮೆರಾಗಳನ್ನು ಹುಡುಕಿಕೊಂಡು ಗುಜರಿ ಅಂಗಡಿಗಳನ್ನು ಸುತ್ತುವ ತರುಣರು ಮಾತ್ರ ಹೆಚ್ಚುತ್ತಲೇ ಹೋದರು. 2024ರಲ್ಲಿ ಪೆಂಟಾಕ್ಸ್ ಕಂಪನಿ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾವೊಂದನ್ನೇ ಮಾರುಕಟ್ಟೆಗೆ ತಂದಿತು. ವ್ಯಾಪಾರಿಗಳು ಭಾವುಕರಾಗಿ ಇಂಥ ಕೆಲಸ ಮಾಡುವವರಲ್ಲ.

ಹಳೆಯ ಪೆಟ್ಟಿಗೆ ಕ್ಯಾಮೆರಾಗಳಿಗೆ ಹಾಕುವ 120 ಎಂಬ ಅಳತೆಯ ಸುರುಳಿಯನ್ನು ಕೊಡಾಕ್ ಮೊದಲು ಮಾಡಿದ್ದು 1901ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ತಯಾರಾಗುತ್ತಲೇ ಇದೆ. ಮೊಮ್ಮಗನ ಕೈಯಲ್ಲಿರುವ ಹೊಸ ಸುರುಳಿ ಮುತ್ತಜ್ಜನ ಕ್ಯಾಮೆರಾದೊಳಗೆ ತಕರಾರಿಲ್ಲದೆ ಕೂರುತ್ತದೆ! ಚೌಕಾಕಾರದ ಚಿತ್ರಗಳಾದರೆ ಒಂದು ಸುರುಳಿಗೆ ಹನ್ನೆರಡೇ ಹನ್ನೆರಡು. ಫೋನಿನಲ್ಲಿ ಒಂದು ನಾಮಕರಣಕ್ಕೆ ನಾನೂರು ಚಿತ್ರ ತೆಗೆಯುವವರಿಗೆ ಈ ಲೆಕ್ಕ ವಿಚಿತ್ರವಾಗಿ ತೋರಬಹುದು. ಆದರೆ ಹನ್ನೆರಡೇ ಎಂದು ಗೊತ್ತಿರುವವನು ಹನ್ನೆರಡು ಸಲ ಯೋಚಿಸುತ್ತಾನೆ. ಎದುರಿಗೆ ನಿಂತವರೂ ಹಾಗೆಯೇ: ಸೆರಗು ಸರಿಮಾಡಿಕೊಂಡು, ಉಸಿರು ಹಿಡಿದು, ಗಂಭೀರವಾಗಿ ನಿಲ್ಲುತ್ತಾರೆ. ಹಳೆಯ ಚಿತ್ರಗಳಲ್ಲಿ ಯಾರೂ ನಗುವುದಿಲ್ಲವೇಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಹವ್ಯಾಸಿಗಳು ಮಾತಿಗೆ ಕುಳಿತರೆ ಮೈಸೂರಿನ ಟಿ. ಎಸ್. ಸತ್ಯನ್ ಅವರ ಹೆಸರನ್ನೂ, ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪು ಬಿಳುಪಿನಲ್ಲಿ ಸೆರೆಹಿಡಿದ ವನ್ಯಮೃಗಗಳನ್ನೂ ಎತ್ತಿ ಆಡುವುದುಂಟು. ಎತ್ತುವುದು ತಪ್ಪಲ್ಲ. ಆದರೆ ಆ ಹಿರಿಯರು ಕೈಗೆತ್ತಿಕೊಂಡದ್ದು ತಮ್ಮ ಕಾಲದ ಒಳ್ಳೆಯ ಉಪಕರಣವನ್ನು. ಹಳತೆಂಬ ಕಾರಣಕ್ಕೆ ಹಳತನ್ನಲ್ಲ. ಕ್ಯಾಮೆರಾ ಹಳತಾದ ಮಾತ್ರಕ್ಕೆ ಕಣ್ಣು ಹರಿತವಾಗುವುದಿಲ್ಲವೆಂಬುದು ಮೊದಲ ಸುರುಳಿ ತೊಳೆದ ದಿನವೇ ಎಲ್ಲರಿಗೂ ತಿಳಿದುಬರುತ್ತದೆ.

ತೊಳೆಯುವುದು ಬಚ್ಚಲುಮನೆಯಲ್ಲಿ, ರಾತ್ರಿ. ಬಾಗಿಲ ಸಂದಿಗೆ ಹಳೆಯ ಟವೆಲು ತುರುಕಿ, ದೀಪ ಆರಿಸಿ, ಕಗ್ಗತ್ತಲೆಯಲ್ಲಿ ಬೆರಳುಗಳ ಅಂದಾಜಿನಿಂದಲೇ ಸುರುಳಿಯನ್ನು ಗಾಲಿಗೆ ಸುತ್ತಿ, ಬೆಳಕು ಹೋಗದ ಡಬ್ಬಿಯೊಳಗೆ ಇಡಬೇಕು. ಹೊರಗಿನಿಂದ ಗೃಹಿಣಿಯ ದನಿ: “ರೀ, ಇನ್ನೂ ಎಷ್ಟು ಹೊತ್ತು? ಮಗು ಬಚ್ಚಲಿಗೆ ಹೋಗಬೇಕಂತೆ.” ಒಳಗಿನಿಂದ ದೀನಸ್ವರ: “ಐದೇ ನಿಮಿಷ. ದಯವಿಟ್ಟು ದೀಪ ಮಾತ್ರ ಹಾಕಬೇಡ.” ಆ ಮೇಲೆ ರಸಾಯನಗಳ ಸರದಿ. ಬೆಳಕು ತಾಗಿದ ಬೆಳ್ಳಿಯ ಲವಣದ ಕಣದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಉಳಿದಿರುತ್ತದೆ. ಡೆವಲಪರ್ ಎಂಬ ದ್ರಾವಣ ಆ ಗುರುತನ್ನು ಹಿಡಿದು ಇಡೀ ಕಣವನ್ನು ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ. ಬೆಳಕು ಕಾಣದೆ ಉಳಿದ ಲವಣವನ್ನು ಹೈಪೋ ಕರಗಿಸಿ ತೆಗೆದುಹಾಕುತ್ತದೆ. ಹೈಪೋವಿಗೆ ಈ ಗುಣವಿದೆಯೆಂದು ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ, ಎಂದರೆ ಛಾಯಾಚಿತ್ರವೆಂಬುದು ಲೋಕಕ್ಕೆ ಪ್ರಕಟವಾಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ. ಡೆವಲಪರಿನ ಶಾಖ 20 ಡಿಗ್ರಿ ಇರಬೇಕೆಂದು ಪುಸ್ತಕಗಳು ಹೇಳುತ್ತವೆ. ಪುಸ್ತಕ ಬರೆದವರು ಚೈತ್ರಮಾಸದ ಬೆಂಗಳೂರಿನ ನಲ್ಲಿ ನೀರನ್ನು ಕಂಡವರಲ್ಲ. ಡಬ್ಬಿಯ ಸುತ್ತ ಮಂಜುಗಡ್ಡೆ ಇಟ್ಟುಕೊಂಡೇ ಕೂರಬೇಕು. 2024ರ ಬೇಸಗೆಯಲ್ಲಿ ನಗರಕ್ಕೆ ನೀರಿನ ಬರ ಬಂದಾಗಲಂತೂ, ಫಿಲ್ಮು ತೊಳೆಯುತ್ತೇನೆಂದು ಮನೆಯಲ್ಲಿ ಬಾಯಿಬಿಡುವ ಧೈರ್ಯ ಯಾರಿಗಿತ್ತು!

ಇಷ್ಟಾದ ಮೇಲೆ ಸ್ಕ್ಯಾನಿಂಗ್. ಕ್ಯಾಮೆರಾದ ಕಥೆಗಳನ್ನು ಉತ್ಸಾಹದಿಂದ ಹೇಳುವ ಹವ್ಯಾಸಿ ಈ ಘಟ್ಟಕ್ಕೆ ಬಂದಾಗ ಮಾತು ಬದಲಿಸುತ್ತಾನೆ, ಏಕೆಂದರೆ ಇದರಲ್ಲಿ ರೋಮಾಂಚನವೇನೂ ಇಲ್ಲ. ಒಣಗಿದ ನೆಗೆಟಿವನ್ನು ಚೌಕಟ್ಟಿಗೆ ಸಿಕ್ಕಿಸಿ, ಗಾಜಿನ ಮೇಲಿಟ್ಟು, ಮೇಲಿನಿಂದ ಬೆಳಕು ಹಾಯಿಸಿ, ಯಂತ್ರ ಗುಂಯ್‌ಗುಡುವುದನ್ನು ಕೇಳುತ್ತ ಕೂರುವುದು. ಅಂಗುಲಕ್ಕೆ 2400 ಬಿಂದುಗಳಂತೆ ಓದಿಸಿದರೆ 35 ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರದಿಂದ ಸುಮಾರು 77 ಲಕ್ಷ ಬಿಂದುಗಳು ದೊರೆಯುತ್ತವೆ. 120ರ ಚೌಕ ಚಿತ್ರದಿಂದ ಸುಮಾರು 2 ಕೋಟಿ 80 ಲಕ್ಷ. ಅಷ್ಟು ಬಿಂದುಗಳ ನಡುವೆ ಕುಳಿತ ಒಂದೇ ಒಂದು ಧೂಳಿನ ಕಣ ಪರದೆಯ ಮೇಲೆ ಹುಳುವಿನಂತೆ ಕಾಣುತ್ತದೆ. ಧೂಳನ್ನು ತಾನೇ ಗುರುತಿಸಿ ಅಳಿಸುವ ಯಂತ್ರಗಳೂ ಇವೆ. ಅವು ಅತಿಗೆಂಪು ಕಿರಣವನ್ನು ಹಾಯಿಸಿ ನೋಡುತ್ತವೆ. ಬಣ್ಣದ ನೆಗೆಟಿವಿನ ಬಣ್ಣಗಳನ್ನು ಆ ಕಿರಣ ದಾಟಿಹೋಗುತ್ತದೆ, ಧೂಳು ಮಾತ್ರ ಅದನ್ನು ತಡೆಯುತ್ತದೆ. ಆದರೆ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ಆ ಕಿರಣವನ್ನು ತಡೆಯುತ್ತದೆ. ಆದ್ದರಿಂದ ಯಂತ್ರವು ಅಜ್ಜನ ಬಿಳಿಯ ಪೇಟವನ್ನೇ ಧೂಳೆಂದು ಬಗೆದು ಒರಸಹೊರಡುತ್ತದೆ! ಅಲ್ಲಿ ಕುಂಚವನ್ನು ಹಿಡಿದು ಮನುಷ್ಯನೇ ಕೂರಬೇಕು.

ಮನೆಗೆ ಸ್ಕ್ಯಾನರ್ ಬಂದಿದೆಯೆಂಬ ಸುದ್ದಿ ಬಂಧುವರ್ಗದಲ್ಲಿ ಹಬ್ಬುವುದಕ್ಕೆ ಹೆಚ್ಚು ಕಾಲ ಬೇಕಾಗಿಲ್ಲ. ಮೊದಲು ಸೋದರತ್ತೆಯ ಮನೆಯಿಂದ ಒಂದು ಬಿಸ್ಕತ್ತಿನ ಡಬ್ಬಿ. ಆಮೇಲೆ ದೊಡ್ಡಪ್ಪನ ಮನೆಯ ಅಟ್ಟದಿಂದ ಒಂದು ಟ್ರಂಕು. ಮುಚ್ಚಳ ತೆರೆದೊಡನೆ ಮೂಗಿಗೆ ಹೊಡೆಯುವುದು ನುಸಿಗುಳಿಗೆಯ ವಾಸನೆಯಲ್ಲ, ಹುಳಿಯ ವಾಸನೆ. ಅಸಿಟೇಟ್ ಎಂಬ ವಸ್ತುವಿನಿಂದ ಮಾಡಿದ ಫಿಲ್ಮು ಸೆಕೆಗೂ ತೇವಕ್ಕೂ ಸಿಕ್ಕಿ ಒಡೆಯತೊಡಗಿದಾಗ ಹೊರಬರುವುದು ಅಸಿಟಿಕ್ ಆಮ್ಲ. ಉಪ್ಪಿನಕಾಯಿಗೆ ಹಾಕುವ ವಿನಿಗರಿನಲ್ಲಿರುವುದೂ ಅದೇ. ಆ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡು ಒಡೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಒಂದು ಸುರುಳಿಯ ರೋಗ ಪಕ್ಕದ ಸುರುಳಿಗೂ ಅಂಟುತ್ತದೆ. ಫಿಲ್ಮು ಕುಗ್ಗಿ, ಸುಕ್ಕುಗಟ್ಟಿ, ಕೊನೆಗೆ ಚಿತ್ರದ ಪೊರೆಯೇ ಎದ್ದು ಬರುತ್ತದೆ. ಜೋಪಾನವಾಗಿರಲೆಂದು ಹಿರಿಯರು ಹಂಚಿನ ಮಾಡಿನ ಕೆಳಗೆ, ಬಿಗಿಯಾದ ಮುಚ್ಚಳದೊಳಗೆ ಇಟ್ಟದ್ದು ಹೀಗೆ ಅಲ್ಲಿಯೇ ಬೆಂದುಹೋಯಿತು. ಇದನ್ನು ಹಿಂದಕ್ಕೆ ತಿರುಗಿಸುವ ಮದ್ದಿಲ್ಲ. ತಂಪಾದ, ಒಣಗಿದ, ಗಾಳಿಯಾಡುವ ಎಡೆಯಲ್ಲಿ ಕಾಗದದ ಲಕೋಟೆಗಳಲ್ಲಿ ಇಡುವುದರಿಂದ ನಿಧಾನವಾಗಬಹುದು, ಅಷ್ಟೆ. ಸ್ಕ್ಯಾನ್ ಮಾಡುವುದಾದರೆ ಇಂದೇ ಮಾಡಬೇಕು.

ಬಸವನಗುಡಿಯ ಒಬ್ಬ ಗೃಹಸ್ಥರಿಗೆ ಈ ಹವ್ಯಾಸ ಹತ್ತಿಕೊಂಡದ್ದು ಬ್ಯಾಂಕಿನಿಂದ ನಿವೃತ್ತರಾದ ಮೇಲೆ. ಮನೆಯ ಬೀರುವಿನಲ್ಲಿ ಅವರ ತಂದೆಯವರ ಆಗ್ಫಾ ಕ್ಲಿಕ್-3 ಇತ್ತು. ಭಾರತದಲ್ಲಿಯೇ ತಯಾರಾಗಿ, ಒಂದು ಕಾಲಕ್ಕೆ ಮಧ್ಯಮ ವರ್ಗದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಆಗಿದ್ದ ಸರಳ ಯಂತ್ರ ಅದು. ಒರಸಿ ಇಡೋಣವೆಂದು ಕೈಗೆತ್ತಿಕೊಂಡವರು ಹಿಂಬದಿಯ ಕೆಂಪು ಕಿಟಕಿಯನ್ನು ನೋಡಿ ಹಾಗೆಯೇ ಕುಳಿತುಬಿಟ್ಟರು. ಕಿಟಕಿಯಲ್ಲಿ 8 ಎಂಬ ಅಂಕೆ ಕಾಣುತ್ತಿತ್ತು. ಎಂದರೆ ಏಳು ಚಿತ್ರಗಳನ್ನು ತೆಗೆದು, ಎಂಟನೆಯದಕ್ಕೆ ಸುರುಳಿ ತಿರುಗಿಸಿ, ಕ್ಯಾಮೆರಾವನ್ನು ಒಳಗಿಟ್ಟ ತಂದೆಯವರು ಮತ್ತೆ ಅದನ್ನು ಹೊರಗೆ ತೆಗೆದಿರಲಿಲ್ಲ. ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲಾಗಿತ್ತು.

ತೊಳೆಯದ ಫಿಲ್ಮಿನಲ್ಲಿ ಆ ಅಗೋಚರವಾದ ಗುರುತು ದಶಕಗಳ ಕಾಲ ಉಳಿಯುವುದುಂಟು. ವರ್ಷದಿಂದ ವರ್ಷಕ್ಕೆ ಮಾಸುತ್ತಲೂ ಹೋಗುತ್ತದೆ. ಬೆಳಕು ಕಾಣದ ಕಣಗಳು ತಾವಾಗಿಯೇ ಕಪ್ಪಾಗತೊಡಗಿ ಮಂಜು ಕವಿದಂತಾಗುತ್ತದೆ. ಏನು ಉಳಿದಿದೆಯೆಂದು ತಿಳಿಯಬೇಕಾದರೆ ತೊಳೆಯಲೇಬೇಕು. ತೊಳೆದ ಮೇಲೆ ಎರಡನೆಯ ಅವಕಾಶವಿಲ್ಲ. ಮೈಸೂರಿನಿಂದ ಬಂದಿದ್ದ ತಂಗಿ ವಿಷಯ ತಿಳಿದು, “ಬೇಡ ಅಣ್ಣ, ಹಾಗೆಯೇ ಇರಲಿ. ಈಗ ಅಪ್ಪ ತೆಗೆದ ಏಳು ಚಿತ್ರ ಇವೆ ಎಂದಾದರೂ ಇದೆ. ನೀನು ತೊಳೆದು ಏನೂ ಬಾರದಿದ್ದರೆ ಅದೂ ಇಲ್ಲ” ಎಂದಳು. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕ್ಯಾಮೆರಾ ಮತ್ತೆ ಬೀರುವಿಗೆ ಹೋಯಿತು. ಆರು ತಿಂಗಳು ಕಳೆದವು.

ಕೊನೆಗೆ ಮಾತು ತೆಗೆದವರು ಎಂಬತ್ತೆಂಟು ವರ್ಷದ ತಾಯಿ. ಒಂದು ದಿನ ಕಾಫಿಯ ಲೋಟವನ್ನು ಕೆಳಗಿಡುತ್ತ, “ಅದೇನೋ ಅಪ್ಪನ ಫಿಲ್ಮು ಅಂದೆಯಲ್ಲ, ತೊಳಿಯಪ್ಪ. ನಾನು ಹೋದ ಮೇಲೆ ತೊಳೆದು, ಚೆನ್ನಾಗಿಯೇ ಬಂತು ಅಂತಿಟ್ಟುಕೋ. ಅದರಲ್ಲಿರೋರು ಯಾರು ಅಂತ ನಿನಗೆ ಹೇಳೋರು ಯಾರು?” ಎಂದರು.

ತೊಳೆದರು. ಏಳರಲ್ಲಿ ನಾಲ್ಕು ಬರಿಯ ಮಬ್ಬು. ಉಳಿದ ಮೂರರಲ್ಲಿ ಬೆಳಕಿಗೆ ಹಿಡಿದರೆ ಏನೋ ಇದೆಯೆನ್ನುವಷ್ಟು ನೆರಳು. ಬರಿಗಣ್ಣಿಗೆ ಅಷ್ಟೇ, ಸ್ಕ್ಯಾನರಿಗೆ ಅದು ಸಾಕಾಯಿತು. ಮೂರು ರಾತ್ರಿ ಕುಳಿತು ಕಪ್ಪನ್ನು ಕಪ್ಪಿನಿಂದಲೂ ಬಿಳುಪನ್ನು ಬಿಳುಪಿನಿಂದಲೂ ಬಿಡಿಸಿದಾಗ ಪರದೆಯ ಮೇಲೆ ಹಳ್ಳಿಯ ಮನೆಯ ಜಗಲಿ ಮೂಡಿತು. ಜಗಲಿಯ ಮುಂದೆ ಸಾಲಾಗಿ ಆರು ಜನ ಹೆಂಗಸರು. ಕೆಳಗೆ, ಅವರ ಪಾದಗಳತ್ತ ಚಾಚಿದ ಉದ್ದನೆಯ ಒಂದು ನೆರಳು. ಸೂರ್ಯನನ್ನು ಬೆನ್ನ ಹಿಂದೆ ಇಟ್ಟುಕೊಂಡು ಚಿತ್ರ ತೆಗೆಯಬೇಕೆಂದು ಆ ಕಾಲದ ಎಲ್ಲರಿಗೂ ಹೇಳಿಕೊಡುತ್ತಿದ್ದರು. ತೆಗೆದವರ ನೆರಳು ಹೀಗೆ ಎಷ್ಟೋ ಚಿತ್ರಗಳಲ್ಲಿ ಬಂದು ಬೀಳುತ್ತಿತ್ತು.

ತಾಯಿ ಕನ್ನಡಕ ಒರಸಿಕೊಂಡು ಬಹಳ ಹೊತ್ತು ನೋಡಿದರು. ಅವರ ಬೆರಳು ಮೊದಲು ಹೋದದ್ದು ಹೆಂಗಸರ ಕಡೆಗಲ್ಲ. “ಇದು ಅವರು” ಎಂದರು, ನೆರಳನ್ನು ಮುಟ್ಟಿ.

ಆಮೇಲೆ ಒಬ್ಬೊಬ್ಬರಾಗಿ ಹೇಳುತ್ತ ಹೋದರು. ಮಗ ಪೆನ್ಸಿಲಿನಿಂದ ಲಕೋಟೆಯ ಮೇಲೆ ಬರೆದುಕೊಂಡರು. ಶಾಯಿಯಾದರೆ ಫಿಲ್ಮಿಗೆ ಇಳಿಯುವ ಭಯ. ಎಡಗಡೆಯಿಂದ ಮೊದಲನೆಯವರು ಅತ್ತೆ. ಎರಡನೆಯವರು ನಂಜನಗೂಡಿನ ಚಿಕ್ಕಮ್ಮ. ಆ ವರ್ಷವೇ ಹೋಗಿಬಿಟ್ಟಳು, ಪಾಪ. ನಾಲ್ಕನೆಯವರು ತಾವೇ. ಐದು, ಆರು, ಓರಗಿತ್ತಿಯರು. ಮೂರನೆಯವರ ಬಳಿ ಬೆರಳು ನಿಂತಿತು. ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದರು, ಇನ್ನೂ ದೊಡ್ಡದು ಮಾಡಿದರು. ಮುಖವೇನೋ ಸ್ಪಷ್ಟವಾಗಿಯೇ ಇತ್ತು. ಇಪ್ಪತ್ತರ ಹುಡುಗಿ, ಸಾಲಿನಲ್ಲಿ ಆಕೆಯೊಬ್ಬಳೇ ನಗುತ್ತಿದ್ದಳು.

“ಸೀರೆ ನನ್ನದು. ಕೊಳ್ಳೇಗಾಲದ್ದು, ಮದುವೆಯಲ್ಲಿ ಕೊಟ್ಟದ್ದು. ಉಟ್ಟವಳು ಯಾರೋ ಕಾಣೆನಲ್ಲ, ಮಗೂ” ಎಂದರು ತಾಯಿ.

ಮೂರನೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಲಕೋಟೆಯನ್ನು ಒಳಗಿಟ್ಟರು. ಚಿತ್ರದ ಐದು ಪ್ರತಿಗಳನ್ನು ಮುದ್ರಿಸಿ ನಂಜನಗೂಡಿಗೆ, ಮೈಸೂರಿಗೆ, ಮುಂಬಯಿಯ ಓರಗಿತ್ತಿಯ ಮಗಳಿಗೆ ಅಂಚೆಯಲ್ಲಿ ಕಳಿಸಿದರು. ಫೋನಿನಲ್ಲಿ ಕಳಿಸಿದರೆ ಮುಖ ಚಿಕ್ಕದಾಗುತ್ತದೆಂದು ತಾಯಿಯ ಒತ್ತಾಯ. ಮುಂಬಯಿಯಿಂದ ಒಂದು ಉತ್ತರ ಬಂದಿತು: ಸೀರೆ ನಮ್ಮಮ್ಮನದು ಅಂತ ಅಮ್ಮ ಹೇಳುತ್ತಿದ್ದಾರೆ, ನಿಮ್ಮದಲ್ಲವಂತೆ.