ದೂರದ ಸಹಿಗೆ ಸಾಕ್ಷಿ

ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ, ನಮಗೆ ಬಳಕೆಯುಳ್ಳ ಮನೆತನದ ಸೊಸೆಯೊಬ್ಬರು, ಮನೆಯಲ್ಲಿಯೇ ಕುಳಿತು ಆನ್‌ಲೈನ್ ನೋಟರಿಯ ವೃತ್ತಿ ಮಾಡಬಹುದೇ, ಅದರಿಂದ ಸಂಸಾರ ಸಾಗೀತೇ ಎಂದು ಕೇಳಿದ್ದರು. ಶಾಸ್ತ್ರಗ್ರಂಥಗಳ ನಡುವೆ ಬೆಳೆದ ನಮಗೆ ಈ ಪ್ರಶ್ನೆ ಹೊಸದು. ಆದರೂ ಅಲ್ಲಿನ ನಿಯಮಗಳನ್ನು ಕುತೂಹಲದಿಂದ ಓದಿದೆವು.

ನಮ್ಮಲ್ಲಿ 1952ರ ನೋಟರಿ ಕಾಯಿದೆಯನ್ವಯ ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ನಡೆಸಿದವರೇ ನೋಟರಿಗಳಾಗತಕ್ಕದ್ದು. ಟೆಕ್ಸಾಸಿನಲ್ಲಿ ಹಾಗಿಲ್ಲ. 18 ವರ್ಷ ತುಂಬಿದ, ಘೋರಾಪರಾಧಕ್ಕೆ ಶಿಕ್ಷೆಯಾಗಿರದ ನಿವಾಸಿಯು ಅರ್ಜಿ ಸಲ್ಲಿಸಬಹುದು. ಪೌರತ್ವವಿರಲೇಬೇಕೆಂಬ ಆ ರಾಜ್ಯದ ಹಳೆಯ ನಿಯಮವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ತಳ್ಳಿಹಾಕಿತು. ಆದರೆ ಪತಿಯ ವೀಸಾದ ಆಶ್ರಯದಲ್ಲಿ ಹೋದ ಹಲವು ಹೆಣ್ಣುಮಕ್ಕಳಿಗೆ, ವೀಸಾದ ಬಗೆಯನ್ನು ಅನುಸರಿಸಿ, ದುಡಿಯುವ ಅನುಮತಿಯು ಪ್ರತ್ಯೇಕವಾಗಿ ಬೇಕು. ಇದನ್ನು ಮರೆತು ಹಣ ಪಡೆದರೆ ಆಕೆಯ ವಾಸಕ್ಕೇ ಕುತ್ತು ಬಂದೀತು.

ದೂರದಿಂದ ನೋಟರಿ ಮಾಡುವ ಪದ್ಧತಿಗೆ ಮೊದಲು ಬಾಗಿಲು ತೆರೆದದ್ದು ವರ್ಜೀನಿಯ, 2012ರಲ್ಲಿ. ಟೆಕ್ಸಾಸಿನಲ್ಲಿ 2018ರಿಂದ ಜಾರಿಯಲ್ಲಿದೆ. ಅಲ್ಲಿ ಮೊದಲು ಸಾಧಾರಣ ನೋಟರಿಯಾಗಿ 10,000 ಡಾಲರಿನ ಜಾಮೀನು ಪತ್ರ ಒದಗಿಸಿ, ಬಳಿಕ ಆನ್‌ಲೈನ್ ಅಧಿಕಾರಕ್ಕೆ ಬೇರೆ ಅರ್ಜಿ ಹಾಕಬೇಕು. ನೋಟರಿಯು ರಾಜ್ಯದ ಎಲ್ಲೆಯೊಳಗೇ ಕುಳಿತಿರಬೇಕು. ಸಹಿ ಮಾಡುವವನು ಬೇರೆಡೆ ಇದ್ದರೂ ನಡೆಯುತ್ತದೆ. ಅವನ ಮುಖವನ್ನು ವಿಡಿಯೋದಲ್ಲಿ ಕಂಡು, ಗುರುತಿನ ಚೀಟಿಯನ್ನು ಯಂತ್ರದಿಂದ ಪರಿಶೀಲಿಸಿ, ಹಳೆಯ ವಿಳಾಸ, ಸಾಲ ಮೊದಲಾದವುಗಳ ಬಗೆಗೆ ಪ್ರಶ್ನೆ ಕೇಳುವುದುಂಟು. ಸಂಭಾಷಣೆಯ ಚಿತ್ರಮುದ್ರಣವನ್ನು ಕಾಯ್ದಿಡಬೇಕು. ಫ್ಲಾರಿಡಾದಲ್ಲಿ ಅದರ ಅವಧಿ 10 ವರ್ಷ. ಸಾಕ್ಷಿಗೆ ಇಷ್ಟು ಕಟ್ಟುಪಾಡು ಇರುವುದು ನಮಗೆ ಮೆಚ್ಚುಗೆಯಾಯಿತು.

ಇನ್ನು ಗಳಿಕೆ. ವರ್ಜೀನಿಯ, ಫ್ಲಾರಿಡಾಗಳಲ್ಲಿ ಒಂದು ಆನ್‌ಲೈನ್ ದೃಢೀಕರಣಕ್ಕೆ ಪಡೆಯಬಹುದಾದ ಗರಿಷ್ಠ ಶುಲ್ಕ 25 ಡಾಲರ್. ದಿನಕ್ಕೆ ನಾಲ್ಕು ಬಂದರೆ ನೂರು ಡಾಲರ್ ಎಂದು ಲೆಕ್ಕ ಹಾಕುವುದು ಸುಲಭ. ನಾಲ್ಕು ಬರುವುದೇ ಕಷ್ಟ! ಬಂದದ್ದರಲ್ಲಿಯೂ ಡಿಜಿಟಲ್ ಮುದ್ರೆಯ ವೆಚ್ಚ, ಕೆಲಸ ಒದಗಿಸುವ ಕಂಪೆನಿಯ ಪಾಲು ಕಳೆಯಬೇಕು. ಮನೆಸಾಲದ ಪತ್ರಗಳಿಗೆ ಪ್ರತಿಫಲ ಹೆಚ್ಚು. ಆದರೆ 2022ರಲ್ಲಿ ಬಡ್ಡಿ ಏರಿದಾಗ ಆ ಕೆಲಸವೇ ಇಳಿದುಹೋಯಿತು. ಇದು ಉಪವೃತ್ತಿಯೇ ಹೊರತು ಜೀವನಾಧಾರವಲ್ಲವೆಂಬುದು ನಮ್ಮ ಅಭಿಪ್ರಾಯ.

ಮತ್ತೊಂದು ವಿಷಯ. ಅಲ್ಲಿನ ನೋಟರಿಯು ವಕೀಲನಲ್ಲದಿದ್ದರೆ ಕಾನೂನು ಸಲಹೆ ಕೊಡುವಂತಿಲ್ಲ. ನೋಟರಿ ಎಂಬ ಹೆಸರನ್ನೇ ನಂಬಿ ಸ್ಪ್ಯಾನಿಷ್ ಭಾಷಿಕ ವಲಸಿಗರು ಬಹಳ ಮೋಸಹೋಗಿದ್ದಾರೆ. ನಮ್ಮವರೂ "ಊರಿನ ಹೊಲದ ಅಧಿಕಾರಪತ್ರ ಬರೆದುಕೊಡಮ್ಮ" ಎಂದು ಬಂದಾರು. ಅಂಥವರನ್ನು ಭಾರತದ ದೂತಾವಾಸಕ್ಕೆ ಖುದ್ದಾಗಿ ಕಳುಹಿಸಬೇಕೆಂದೂ, ಅರ್ಜಿಗೆ ಮುನ್ನ ತಮ್ಮ ದುಡಿಮೆಯ ಅನುಮತಿಪತ್ರದ ಅವಧಿಯನ್ನು ನೋಡಿಕೊಳ್ಳಬೇಕೆಂದೂ ಆ ತಾಯಿಗೆ ಬರೆದೆವು.